ಮೂವತ್ತೇಳನೆಯ ಕೋಣೆಯಿಂದಾಚೆ

ಅಹಮದಾಬಾದಿನ ಅಂಚಿನ ಚಾಂದ್‌ಖೇಡಾದ ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ ಜಲಜಾ ಅವರಿಗೆ ಎರಡು ವಿಷಯಕ್ಕೆ ಹೆಸರಿತ್ತು. ಒಂದು, ಅವರು ಮಾಡುವ ಮೆಂತ್ಯದ ಹಿಟ್ಟು. ಇನ್ನೊಂದು, ಟೋಪಿರಾಯನ ಐವತ್ತು ಕೋಣೆಗಳನ್ನೂ ದಾಟಿದ ಏಕೈಕ ಹೆಂಗಸು ಎನ್ನುವುದು. ಇವೆರಡರಲ್ಲಿ ಮೊದಲನೆಯದು ಮಾತ್ರ ನಿಜ.

ಟೋಪಿರಾಯ ಒಂದು ಕಂಪ್ಯೂಟರ್ ಆಟ. ೧೯೯೧ರಲ್ಲಿ ಜಲಜಾ ಅವರ ಗಂಡ ಚಂದ್ರಕಾಂತ ಕಚೇರಿಯ ಹರಾಜಿನಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಹಿಡಿದು ಮನೆಗೆ ತಂದಿದ್ದರು. ಅದರ ಹೊಟ್ಟೆಯಲ್ಲಿ ಯಾರೋ ಹೊರದೇಶದ ಎಂಜಿನಿಯರ್ ಮರೆತುಬಿಟ್ಟ ಫ್ಲಾಪಿಯೊಂದು ಸಿಕ್ಕಿಕೊಂಡಿತ್ತು. ಆಟದ ಹೆಸರು ಕ್ವಾರ್ಟರ್ಸಿನ ಯಾರಿಗೂ ಓದಲು ಬಾರದ ಲಿಪಿಯಲ್ಲಿತ್ತು. ಒಳಗೆ ಓಡಾಡುವವನು ಟೋಪಿ ಹಾಕಿದ್ದರಿಂದ ಜಲಜಾ ಅವನಿಗೆ ಟೋಪಿರಾಯ ಎಂದು ಹೆಸರಿಟ್ಟರು, ಅದೇ ನಿಂತಿತು. ಒಂದೊಂದು ಕೋಣೆಯೂ ಪರದೆಯ ತುಂಬ. ಉಗುರಿನಷ್ಟು ದೊಡ್ಡ ಟೋಪಿರಾಯ ಏಣಿ ಹತ್ತಬೇಕು, ಹಾರಬೇಕು, ಡಬ್ಬಗಳನ್ನು ತಳ್ಳಿ ಮೆಟ್ಟಿಲು ಮಾಡಿಕೊಂಡು ಮೇಲಿನ ಬಾಗಿಲು ಮುಟ್ಟಬೇಕು. ಡಬ್ಬವನ್ನು ತಳ್ಳಬಹುದು, ಎಳೆಯಲು ಬರುವುದಿಲ್ಲ. ತಪ್ಪು ಮೂಲೆಗೆ ತಳ್ಳಿದರೆ ಕೋಣೆಯ ಆರಂಭದಿಂದ ಮತ್ತೆ ಶುರು. ಕೊತ್ತಂಬರಿ ಸೊಪ್ಪನ್ನು ಎಲೆಯೆಲೆಯಾಗಿ ಬಿಡಿಸುವ ಜಲಜಾ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದ ಆಟ.

ಎರಡು ವರ್ಷದಲ್ಲಿ ಅವರು ಮೂವತ್ತೇಳನೆಯ ಕೋಣೆಗೆ ಬಂದು ನಿಂತರು. ನಿಂತರು ಎಂದರೆ ನಿಂತೇಬಿಟ್ಟರು. ಅಲ್ಲಿ ಬಾಗಿಲು ಮುಟ್ಟಲು ನಾಲ್ಕು ಡಬ್ಬ ಬೇಕಿತ್ತು, ಇದ್ದದ್ದು ಮೂರು. ಐದು ತಿಂಗಳು ಹೆಣಗಿದರು. ಆ ಹೊತ್ತಿಗೆ ಫ್ಲಾಪಿಯ ಪ್ರತಿಗಳು ಕ್ವಾರ್ಟರ್ಸಿನಲ್ಲೆಲ್ಲ ಹರಡಿದ್ದವು. ಗೌರಿ ಹಬ್ಬದ ದಿನ ಮೇಲಿನ ಮನೆಯ ಮಂದಾಕಿನಿ, ಬಾಗಿನದ ಮೊರ ಕೈಗೆ ಕೊಡುತ್ತಾ, ತಾನು ಮೂವತ್ತಾರಕ್ಕೆ ಬಂದಿರುವುದಾಗಿಯೂ ಇನ್ನೇನು ಮುಗಿಸಿಬಿಡುವುದಾಗಿಯೂ ಹೇಳಿದರು. ಜಲಜಾ ಅವರ ಬಾಯಿಂದ ತಾನೇ ತಾನಾಗಿ, "ನಂದು ಮೊನ್ನೇನೇ ಮುಗೀತು" ಎಂದು ಬಂದುಬಿಟ್ಟಿತು. ಚಂದ್ರಕಾಂತರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹೆಂಡತಿಯ ಕೈಯಲ್ಲಿ ಹೋಳಿಗೆ ಮಾಡಿಸಿ ಕಚೇರಿಗೆ ಒಯ್ದು ತಮ್ಮ ವಿಭಾಗದವರಿಗೆಲ್ಲ ಹಂಚಿದರು, ಜನರಲ್ ಮ್ಯಾನೇಜರಿಗೂ ಕೊಟ್ಟು ಕಾರಣ ವಿವರಿಸಿದರು. ಅಷ್ಟಾದ ಮೇಲೆ ನಿಜ ಹೇಳುವುದು ಹೇಗೆ? ಜಲಜಾ ಹೇಳಲಿಲ್ಲ. ಹತ್ತು ವರ್ಷ ಕಳೆಯಿತು.

೨೦೦೩ರ ಫೆಬ್ರವರಿಯಲ್ಲಿ ಒಂದು ಭಾನುವಾರ ಸುಮುಖ್ ಅವರ ಮನೆಗೆ ಬಂದ. ಬೋಡಕ್‌ದೇವ್‌ ಬಡಾವಣೆಯಲ್ಲಿರುವ ಗೆಳತಿ ಸುಮಿತ್ರಾ ಅವರ ಮಗ. ವಡೋದರಾದಲ್ಲಿ ಕಂಪ್ಯೂಟರ್ ಓದುತ್ತಾ ಫತೇಗಂಜ್‌ನಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದ. ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನಲ್ಲೇ ಆದ್ದರಿಂದ, ತಾಯಿ ಕನ್ನಡದಲ್ಲಿ ಬೈದರೆ ಗುಜರಾತಿಯಲ್ಲಿ ಕ್ಷಮೆ ಕೇಳುವ ಹುಡುಗ. ಅವನ ತರಗತಿಯ ಇಪ್ಪತ್ತೆರಡು ಜನರಲ್ಲಿ ಹದಿನೆಂಟು ಜನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಪ್ರೋಗ್ರಾಮನ್ನೇ ಬರೆಯುತ್ತಿದ್ದರಂತೆ. ಹತ್ತೊಂಬತ್ತನೆಯವನಾಗಿ ಇವನೂ ಹೋದಾಗ ಪ್ರಾಧ್ಯಾಪಕರು ಬೇರೇನಾದರೂ ತಾ ಎಂದು ಅಟ್ಟಿದ್ದರು. ಆಗ ಇವನಿಗೆ ಚಿಕ್ಕಂದಿನಲ್ಲಿ ಜಲಜಾ ಆಂಟಿಯ ಮನೆಯಲ್ಲಿ ನೋಡಿದ ಟೋಪಿರಾಯ ನೆನಪಾಗಿದ್ದ.

"ಆಂಟಿ, ಆ ಗೇಮ್ ನಾನು ಫಿರ್‌ಸೆ ಮಾಡ್ತೀನಿ. ಕಲರ್ ಹಾಕಿ, ಮ್ಯೂಸಿಕ್ ಹಾಕಿ, ಏಕ್‌ದಮ್ ಮಾಡರ್ನ್. ರೂಮ್ಸ್ ಮಾತ್ರ ಸೇಮ್ ಟು ಸೇಮ್."

ಫ್ಲಾಪಿಯನ್ನು ಹುಡುಕಿ ತೆಗೆದರು. ಹತ್ತು ಮಳೆಗಾಲ ಕಂಡ ಫ್ಲಾಪಿಗೆ ಬೂಷ್ಟು ಹತ್ತಿತ್ತು. ಒಂಬತ್ತು ಕೋಣೆ ತೋರಿಸಿ, ಕಾಫಿಬೀಜ ಬೀಸುವ ಹಾಗೆ ಸದ್ದು ಮಾಡಿ ನಿಂತುಹೋಯಿತು. ಕ್ವಾರ್ಟರ್ಸಿನ ಬೇರೆ ಪ್ರತಿಗಳೆಲ್ಲ ವರ್ಗಾವಣೆಯಾದವರ ಜೊತೆ ದಿಕ್ಕಾಪಾಲಾಗಿದ್ದವು. ಸುಮುಖನ ಮುಖ ಬಾಡಿದ್ದು ನೋಡಿ ಜಲಜಾ, ಫ್ಲಾಪಿ ಯಾಕಪ್ಪ ಬೇಕು, ಎಲ್ಲ ನನ್ನ ತಲೆಯಲ್ಲಿದೆ, ಫೋನ್ ಮಾಡು, ಒಂದೊಂದೇ ಕೋಣೆ ಬರೆಸುತ್ತೇನೆ ಎಂದರು.

ಹಾಗೆ ಶುರುವಾಯಿತು. ವಾರಕ್ಕೆರಡು ಬಾರಿ ಸುಮುಖ್ ಫತೇಗಂಜ್‌ನ ಚಂಪಾಬೆನ್ ಅವರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುವನು. ಜಲಜಾ ರಿಸೀವರನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಹುರುಳಿಕಾಯಿ ಹೆಚ್ಚುತ್ತಾ, ತಮ್ಮ ದಾವಣಗೆರೆಯ ಕನ್ನಡದಲ್ಲಿ ಬರೆಸುವರು.

"ಇಪ್ಪತ್ತೊಂದು ಬರ್ಕೋ. ಮೇಲ್ಗಡೆ ಈ ಗೋಡೆಯಿಂದ ಆ ಗೋಡೆಗೆ ಒಂದು ತೊಲೆ ಐತಿ. ತೊಲೆ ಮೇಲೆ ಹುಷಾರಾಗಿ ನಡೀಬೇಕು. ನಡುವೆ ಕೊಕ್ಕೆ ನೇತಾಡ್ತಿರ್ತತಿ, ಅದನ್ನ ಹಿಡಕೊಂಡು ಜೀಕಬೇಕು. ಆಮೇಲೆ ಚಿಲಕ ತೆಗೆದ್ರೆ ಬಾಗ್ಲು ತೆಗೀತತಿ."

"ಓಕೆ ಆಂಟಿ. ಲಿಖ್ ಲಿಯಾ."

ಬೂತಿನ ಗಾಜಿನಾಚೆ ಕೂತ ಚಂಪಾಬೆನ್ ಅವರಿಗೆ ಡಬ್ಬ ಎಂಬ ಒಂದು ಪದ ಮಾತ್ರ ತಿಳಿಯುತ್ತಿತ್ತು. ಹುಡುಗ ಮನೆ ಬದಲಾಯಿಸುತ್ತಿದ್ದಾನೆ ಎಂದುಕೊಂಡು, ಮೂರನೆಯ ವಾರ ಅವರು ತಮ್ಮ ಭಾವನ ಟೆಂಪೊದ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಾರ್ಚ್ ನಡುವಿಗೆ ಮೂವತ್ತೇಳೂ ಮುಗಿಯಿತು. ಮೂವತ್ತೇಳನ್ನು ಬರೆಸುವಾಗ ಜಲಜಾ, ಡಬ್ಬ ಮೂರೇ ಇರುವುದೆಂದೂ, ಕೆಳಗಡೆ ಯಾತಕ್ಕೂ ಬಾರದ ಒಂದು ಚಿಲಕ ಬಿದ್ದಿರುವುದೆಂದೂ ಹೇಳಿದರು. ಹಾಗಾದರೆ ದಾಟುವುದು ಹೇಗೆ ಎಂದು ಸುಮುಖ್ ಕೇಳಿದ್ದಕ್ಕೆ, ಅದನ್ನು ಆಡುವವರು ಕಂಡುಹಿಡಿಯಬೇಕು ಎಂದುಬಿಟ್ಟರು. ಅವನು ಸರಿ ಎಂದು ಹಾಳೆ ತಿರುಗಿಸಿದ.

"ಅಬ್ ಥರ್ಟಿಎಯ್ಟ್, ಆಂಟಿ."

ಜಲಜಾ ಅವರ ಕೈಯಲ್ಲಿದ್ದ ಚಾಕು ನಿಂತಿತು. ಅದೃಷ್ಟಕ್ಕೆ ಕುಕ್ಕರ್ ಕೂಗಿತು. ಬುಧವಾರ ಮಾಡಪ್ಪ ಎಂದು ಫೋನ್ ಇಟ್ಟರು.

ಮೂರು ದಿನ ಅವರಿಗೆ ಅನ್ನ ಸೇರಲಿಲ್ಲ. ಗೊತ್ತಿಲ್ಲ ಎಂದರೆ ಸುಮಿತ್ರಾಗೆ ತಿಳಿಯುತ್ತದೆ, ಸುಮಿತ್ರಾಗೆ ತಿಳಿದರೆ ಇಡೀ ಕನ್ನಡ ಸಂಘಕ್ಕೆ ತಿಳಿಯುತ್ತದೆ, ಕೊನೆಗೆ ಗಂಡನಿಗೆ ತಿಳಿಯುತ್ತದೆ. ಮರೆತುಹೋಯಿತು ಎನ್ನೋಣವೆಂದರೆ ಮೂವತ್ತೇಳನ್ನು ಇಂಚಿಂಚು ಹೇಳಿದವಳು ಮೂವತ್ತೆಂಟನ್ನು ಮರೆಯುವುದುಂಟೆ? ಮಂಗಳವಾರ ಮಧ್ಯಾಹ್ನ ಗ್ಯಾಸ್ ಸಿಲಿಂಡರಿನವನು ಬಂದ. ಲಿಫ್ಟ್ ಕೆಟ್ಟಿದೆಯೆಂದು ಸಿಲಿಂಡರನ್ನು ಕೆಳಗೇ ಇಳಿಸಿ, ಮೂರನೆಯ ಮಹಡಿಗೆ ನೀವೇ ಒಯ್ಯಿರಿ ಎಂದು ಹೊರಟುಹೋದ. ಜಲಜಾ ಅದನ್ನು ಉರುಳಿಸುತ್ತಾ, ಒಂದೊಂದು ಮೆಟ್ಟಿಲಿಗೂ ಕಾಲು ಅಡ್ಡಕೊಟ್ಟು ನಿಲ್ಲಿಸುತ್ತಾ, ಒಂದನೆಯ ಮಹಡಿಯ ನಾಯಿಯನ್ನು ಗದರಿಸುತ್ತಾ ಹತ್ತುವಾಗ ಅವರಿಗೆ ಮೂವತ್ತೆಂಟನೆಯ ಕೋಣೆ ಹೊಳೆಯಿತು.

ಬುಧವಾರ ಅದನ್ನೇ ಬರೆಸಿದರು. ಸುಮುಖನಿಗೆ ಯಾವ ಅನುಮಾನವೂ ಬರಲಿಲ್ಲ. ಹಳೆಯ ಕಾಲದವರ ತಲೆಯೇ ತಲೆ ಎಂದು ಮೆಚ್ಚಿಕೊಂಡ. ಮೂವತ್ತೊಂಬತ್ತರಲ್ಲಿ ಬೆಳಗ್ಗೆ ನಲ್ಲಿಯ ನೀರು ನಿಲ್ಲುವುದರೊಳಗೆ ನಾಲ್ಕು ಡ್ರಮ್ಮು ತುಂಬಿಸಬೇಕಾಯಿತು. ನಲವತ್ತರಲ್ಲಿ ಒಬ್ಬರಿಗೊಬ್ಬರು ಆಗದ ಇಬ್ಬರು ಅತಿಥಿಗಳು ಒಂದೇ ಹೊತ್ತಿಗೆ ಬಂದರು, ಅವರು ಎದುರುಬದುರಾಗದಂತೆ ಇಬ್ಬರಿಗೂ ಚಹಾ ಮುಟ್ಟಿಸಬೇಕು. ನಲವತ್ಮೂರು ಉತ್ತರಾಯಣದ ದಿನದ ಮಾಳಿಗೆ. ನಾಲ್ಕೂ ಕಡೆಯಿಂದ ಸಂಕ್ರಾಂತಿ ಗಾಳಿಪಟಗಳ, ಗಾಜಿನಪುಡಿ ಮೆತ್ತಿದ ಮಾಂಜಾ ದಾರ ಹಾಯ್ದಿರುತ್ತದೆ, ಅದಕ್ಕೆ ತಾಗದೆ ಟೋಪಿರಾಯ ಒಣಹಾಕಿದ ಹಪ್ಪಳ ಎತ್ತಿಕೊಂಡು ಬರಬೇಕು. ಬರೆಸುತ್ತಾ ಬರೆಸುತ್ತಾ ಜಲಜಾ ಅವರಿಗೆ ಭಯ ಹೋಗಿ ಹುರುಪು ಬಂತು. ಎರಡು ಸಲ ಹಾಲು ಉಕ್ಕಿಹೋಯಿತು. ಐವತ್ತು ಮುಗಿದಾಗ ಇಷ್ಟು ಬೇಗ ಮುಗಿಯಿತಲ್ಲ ಎಂದು ಬೇಜಾರೂ ಆಯಿತು.

ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ಏಪ್ರಿಲ್ ಕೊನೆಯ ಶನಿವಾರ. ನೀವಿಬ್ಬರೂ ಬರಲೇಬೇಕೆಂದು ಸುಮುಖ್ ಕರೆದ. ಚಂದ್ರಕಾಂತರು, ಮೂಲ ಫ್ಲಾಪಿಯ ಮನೆಯವರು ಹೋಗದಿದ್ದರೆ ಹೇಗೆ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಬೆಳಗಿನ ರೈಲಿನಲ್ಲಿ ಹೊರಟು ಒಂಬತ್ತೂವರೆಗೆ ಫತೇಗಂಜ್‌ನ ಫ್ಲ್ಯಾಟು ಸೇರಿದರು. ಸುಮುಖನ ಜೊತೆಗಾರ ಹಾಲೇಶ ಬಾಗಿಲು ತೆಗೆದ. ಹರಿಹರದ ಹುಡುಗ, ವಡೋದರಾದಲ್ಲೇ ರಸಾಯನಶಾಸ್ತ್ರ ಓದುತ್ತಿದ್ದವನು. ಕುರ್ಚಿಯ ಮೇಲಿನ ಬಟ್ಟೆಗಳನ್ನು ಮಂಚಕ್ಕೆ ಒಗೆದು ಇಬ್ಬರನ್ನೂ ಕೂರಿಸಿದ. ಸುಮುಖ್ ಕಂಪ್ಯೂಟರ್ ಹಚ್ಚಿದ.

ಮೊದಲ ಒಂಬತ್ತು ಕೋಣೆ ನೋಡಿ ಜಲಜಾ ಅವರ ಕಣ್ಣು ತುಂಬಿತು. ಟೋಪಿಗೆ ಕೆಂಪು ಬಣ್ಣ ಬಂದಿತ್ತು, ಟೋಪಿರಾಯ ನಡೆಯುವಾಗ ಪುಟುಪುಟು ಸದ್ದಾಗುತ್ತಿತ್ತು. ಆಮೇಲೆ ಸುಮುಖ್ ಹೆಮ್ಮೆಯಿಂದ ಇಪ್ಪತ್ತೊಂದನ್ನು ತೆರೆದ. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಬೃಹತ್ತಾದ ಬೋಳುತಲೆ ಮಲಗಿತ್ತು. ಅದಕ್ಕೆ ಮೀಸೆಯಿತ್ತು. ಟೋಪಿರಾಯ ಅದರ ಮೇಲೆ ಒಂದೊಂದು ಹೆಜ್ಜೆ ಇಟ್ಟಾಗಲೂ ತಲೆ ಹುಬ್ಬು ಗಂಟಿಕ್ಕುತ್ತಿತ್ತು. ಸೂರಿನಿಂದ ಒಂದು ಕೊಕ್ಕರೆ ತಲೆಕೆಳಗಾಗಿ ನೇತಾಡುತ್ತಿತ್ತು. ಟೋಪಿರಾಯ ಅದರ ಕೊಕ್ಕನ್ನು ಹಿಡಿದು ಜೀಕಿ ಆಚೆ ಬಿದ್ದ. ಅಲ್ಲಿ ಬಾಗಿಲ ಬುಡದಲ್ಲಿ ಒಂದು ಬಾಳೆಹಣ್ಣಿನ ಸಿಪ್ಪೆ ಇತ್ತು. ಅದನ್ನು ಎತ್ತಿ ಎಸೆದೊಡನೆ ಬಾಗಿಲು ತೆರೆಯಿತು.

"ಇದು ಯಾರ ತಲೆ?" ಎಂದರು ಜಲಜಾ.

"ಮಕಾನ್ ಮಾಲೀಕ್‌ದು, ಆಂಟಿ. ಅವರ ಫೋಟೋ ಸ್ಕ್ಯಾನ್ ಮಾಡಿದೆ. ನೀವೇ ಹೇಳಿದ್ರಲ್ಲ, ತಲೆ ಮೇಲೆ ಹುಷಾರಾಗಿ ನಡೀಬೇಕು ಅಂತ."

"ತಲೆ ಅಲ್ಲಪ್ಪ, ತೊಲೆ. ಮರದ ತೊಲೆ. ಆ ಹಕ್ಕಿ ಯಾಕೆ?"

ಕೊಕ್ಕೆ ಸುಮುಖನ ಕಿವಿಗೆ ಕೊಕ್ಕರೆಯಾಗಿ ಬಿದ್ದಿತ್ತು. ಅರ್ಥ ಹೇಳಿದವನು ಹಾಲೇಶ. ಉದ್ದ ಕಾಲಿನ ಬಿಳಿ ಹಕ್ಕಿ, ಕೆರೆ ದಂಡೆಯಲ್ಲಿ ನಿಂತಿರುತ್ತದೆ ಎಂದು ಚಿತ್ರವನ್ನೂ ಬರೆದು ತೋರಿಸಿದ್ದ. ಚಿಲಕವನ್ನಂತೂ ಯಾರಲ್ಲೂ ಕೇಳುವ ಅಗತ್ಯವೇ ಬಂದಿರಲಿಲ್ಲ. ಹಿಂದಿಯಲ್ಲಿ ಛಿಲ್ಕಾ ಎಂದರೆ ಸಿಪ್ಪೆ ಎಂದು ಸುಮುಖನಿಗೆ ಚೆನ್ನಾಗಿ ಗೊತ್ತಿತ್ತು. ಬಾಳೆಹಣ್ಣಿನದು ಎಂಬುದು ಮಾತ್ರ ಸ್ವಂತ ಊಹೆ. ಸಿಪ್ಪೆ ಎಂದ ಮೇಲೆ ಕಾಲು ಜಾರಲೇಬೇಕಲ್ಲ ಎಂದು ಅದಕ್ಕೆ ಜಾರುವ ಗುಣವನ್ನೂ ಬರೆದಿದ್ದ.

ಹಾಲೇಶ ಗೋಡೆಗೆ ಒರಗಿ ಕೂತವನು ನಕ್ಕು ನಕ್ಕು ಮಗ್ಗುಲಾದ. "ಲೇ, ಬರೇ ಕೊಕ್ಕರೆ ಅಂದ್ರೇನು ಅಂತ ಕೇಳಿದ್ಯಲ್ಲೋ. ಆಟದಾಗೆ ಬರ್ತತಿ ಅಂತ ಹೇಳಿದ್ರೆ ನಂಗೂ ಅನುಮಾನ ಬರ್ತಿತ್ತು."

ಜಲಜಾ ನಗಲಿಲ್ಲ. ಹತ್ತರಿಂದ ಮೂವತ್ತೇಳರ ತನಕ ಹನ್ನೊಂದು ತಲೆ, ಆರು ಕೊಕ್ಕರೆ, ಲೆಕ್ಕವಿಲ್ಲದಷ್ಟು ಸಿಪ್ಪೆಗಳಿದ್ದವು. ಪರೀಕ್ಷೆಗೆ ಇನ್ನು ಮುಕ್ಕಾಲು ಗಂಟೆ. ಸರಿಪಡಿಸಲು ಒಂದು ವಾರ ಬೇಕು ಎಂದು ಸುಮುಖ್ ಅಳುಮುಖ ಮಾಡಿದ. ಚಂದ್ರಕಾಂತರು ಸಮಾಧಾನ ಹೇಳಿದರು. ಪರೀಕ್ಷಕರು ಸೂರತ್‌ನಿಂದ ಬರುವವರು, ಅವರಿಗೆ ಮೂಲ ಆಟ ಗೊತ್ತಿರುವ ಸಂಭವವೇ ಇಲ್ಲ, ಮೂರು ನಿಮಿಷ ನೋಡಿ ಸಹಿ ಹಾಕುತ್ತಾರೆ.

ಪ್ರೊಫೆಸರ್ ಜರೀವಾಲಾ ಸಣಕಲು ದೇಹದ, ಮುಗುಳುನಗೆಯನ್ನೂ ಅಳೆದು ತೂಗಿ ಕೊಡುವ ಮನುಷ್ಯ. ಗ್ರಂಥಾಲಯದ ಹುಡುಗರನ್ನು ತಲಾ ನಾಲ್ಕು ನಿಮಿಷದಲ್ಲಿ ಮುಗಿಸಿ ಕಳಿಸುತ್ತಿದ್ದರು. ಮನೆಯವರು ಎಂಬ ಕಾರಣಕ್ಕೆ ಜಲಜಾ ಮತ್ತು ಚಂದ್ರಕಾಂತರಿಗೆ ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಸಿಕ್ಕಿತ್ತು. ಸುಮುಖ್ ಆಟ ಶುರುಮಾಡಿದ. ಪ್ರೊಫೆಸರ್ ಪರದೆಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ನಂತರ ಮೆಲ್ಲಗೆ, ಹನ್ನೊಂದು ವರ್ಷದ ಹಿಂದೆ ತೈಲ ಕಂಪನಿಯಲ್ಲಿದ್ದ ತಮ್ಮ ಭಾವಮೈದುನ ಈ ಆಟದ ಫ್ಲಾಪಿಯನ್ನು ಸೂರತ್‌ಗೆ ತಂದುಕೊಟ್ಟಿದ್ದನೆಂದು ಹೇಳಿದರು.

ಚಂದ್ರಕಾಂತರು ಹೆಂಡತಿಯ ಕಡೆ ನೋಡಿದರು. ಜಲಜಾ ನೆಲ ನೋಡುತ್ತಿದ್ದರು.

ಪ್ರೊಫೆಸರ್ ಇಪ್ಪತ್ತೊಂದನ್ನು ತೆರೆಸಿದರು. ಇಲ್ಲಿ ತೊಲೆಯಿತ್ತು, ಈ ತಲೆ ಯಾರದು ಎಂದು ಹಿಂದಿಯಲ್ಲಿ ಕೇಳಿದರು. ಇದು ಆಧುನಿಕ ರೂಪ ಸರ್ ಎಂದ ಸುಮುಖ್. ಕೊಕ್ಕರೆಗೂ ಅದೇ ಉತ್ತರ. ಪ್ರೊಫೆಸರ್ ಕಾಗದದಲ್ಲಿ ಏನೋ ಗೀಚಿಕೊಂಡು, ಮೂವತ್ತೇಳನ್ನು ತೆರೆ ಎಂದರು. ತೆರೆದದ್ದೇ ತಡ, ಹುಡುಗನನ್ನು ಪಕ್ಕಕ್ಕೆ ಸರಿಸಿ ತಾವೇ ಸ್ಟೂಲಿನ ಮೇಲೆ ಕೂತು ಅಂಗಿಯ ತೋಳು ಮಡಚಿದರು.

ಒಂದು ಗಂಟೆ ಕಳೆಯಿತು. ಹೊರಗೆ ಉಳಿದ ವಿದ್ಯಾರ್ಥಿಗಳು ಕಿಟಕಿಗೆ ಮುತ್ತಿಕೊಂಡರು. ಪ್ಯೂನ್ ತಂದಿಟ್ಟ ಚಹಾ ಆರಿತು. ಪ್ರೊಫೆಸರ್ ಡಬ್ಬ ತಳ್ಳುತ್ತಾರೆ, ಸಿಕ್ಕಿಹಾಕಿಕೊಳ್ಳುತ್ತಾರೆ, ಮತ್ತೆ ಶುರುಮಾಡುತ್ತಾರೆ. ಹಿಂದಿನ ಬೆಂಚಿನಲ್ಲಿ ಜಲಜಾ ಅವರ ಬೆರಳುಗಳು ಕೈಚೀಲದ ಮೇಲೆ ಕುಣಿಯುತ್ತಿದ್ದವು. ಅವರು ಐದು ತಿಂಗಳು ಮಾಡಿದ ತಪ್ಪುಗಳನ್ನೇ ಈ ಮನುಷ್ಯ ಅದೇ ಕ್ರಮದಲ್ಲಿ ಮಾಡುತ್ತಿದ್ದ. ಕೊನೆಗೆ ತಡೆಯಲಾರದೆ, ಆ ಡಬ್ಬ ಎಡಕ್ಕೆ ಹೋದರೆ ಮತ್ತೆ ಬರುವುದಿಲ್ಲ ಭಾಯಿಸಾಹೇಬ್ ಎಂದುಬಿಟ್ಟರು. ಪ್ರೊಫೆಸರ್ ತಿರುಗಿಯೂ ನೋಡದೆ, ಹಾಗಾದರೆ ಇಲ್ಲಿ ಬಂದು ಹೇಳಿ ಎಂದರು. ಜಲಜಾ ಎದ್ದುಹೋಗಿ ಪಕ್ಕದ ಸ್ಟೂಲಿನಲ್ಲಿ ಕೂತರು. ಇಬ್ಬರೂ ಸೇರಿ ಇನ್ನೊಂದು ಅರ್ಧ ಗಂಟೆ ಸಿಕ್ಕಿಹಾಕಿಕೊಂಡರು.

ಆಗ ಪ್ರೊಫೆಸರ್ ಒತ್ತಬೇಕಾದ ಗುಂಡಿ ಬಿಟ್ಟು ಇನ್ನೊಂದನ್ನು ಒತ್ತಿದರು. ಟೋಪಿರಾಯ ಕೆಳಗಿಳಿದು, ಯಾತಕ್ಕೂ ಬಾರದೆಂದು ಜಲಜಾ ಹೇಳಿದ್ದ ಚಿಲಕದ ಜಾಗದಲ್ಲಿದ್ದ ಸಿಪ್ಪೆಯ ಮೇಲೆ ಕಾಲಿಟ್ಟ. ಜರ್‍ರನೆ ಜಾರಿದ, ಡಬ್ಬಕ್ಕೆ ಬಡಿದು ಮೇಲಕ್ಕೆ ಚಿಮ್ಮಿದ, ನೇರವಾಗಿ ಬಾಗಿಲೊಳಗೆ ಹೋಗಿ ಬಿದ್ದ.

ಪರದೆಯ ಮೇಲೆ ಮೂವತ್ತೆಂಟನೆಯ ಕೋಣೆ ಬಂತು. ಮೂರು ಮಹಡಿ, ಕೆಟ್ಟ ಲಿಫ್ಟು, ಒಂದು ನಾಯಿ, ಕೆಂಪು ಬಣ್ಣದ ಗ್ಯಾಸ್ ಸಿಲಿಂಡರು.

ಪ್ರೊಫೆಸರ್ ಸ್ಟೂಲನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಹನ್ನೊಂದು ವರ್ಷ ಈ ಕೋಣೆ ಹೇಗಿರಬಹುದೆಂದು ಯೋಚಿಸಿದ್ದೇನೆ ಎಂದರು. ಸಾವಿರಾರು ಮೈಲಿ ದೂರದ ಯಾವನೋ ಪರದೇಶಿ ನಮ್ಮ ಗ್ಯಾಸ್ ಸಿಲಿಂಡರಿನ ಕಷ್ಟವನ್ನು ಎಷ್ಟು ಆಳವಾಗಿ ಅರಿತಿದ್ದಾನೆ ನೋಡಿ ಎಂದು ವಿದ್ಯಾರ್ಥಿಗಳನ್ನು ಒಳಗೆ ಕರೆದು ತೋರಿಸಿದರು. ನೀರಿನ ಡ್ರಮ್ಮುಗಳನ್ನು ನೋಡಿ, ಆ ದೇಶದಲ್ಲೂ ನಲ್ಲಿ ಬೆಳಗ್ಗೆಯೇ ನಿಲ್ಲುತ್ತದೆಂದು ಇವತ್ತು ತಿಳಿಯಿತು ಎಂದರು. ಜಲಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ನಲವತ್ಮೂರಕ್ಕೆ ಬಂದಾಗ ಪ್ರೊಫೆಸರ್ ಎದ್ದೇ ನಿಂತರು. ಉತ್ತರಾಯಣ, ಮಾಂಜಾ, ಹಪ್ಪಳ! ಇಂಥ ಕಲ್ಪನೆ ನಮ್ಮವರಿಗೆ ಎಂದಾದರೂ ಬಂದೀತೇ, ಇದಕ್ಕೆ ಹೊರದೇಶದವರೇ ಆಗಬೇಕು ಎಂದರು.

"ಯಾವ ಹೊರದೇಶದವನೂ ಅಲ್ಲ," ಎಂದರು ಜಲಜಾ. ಕನ್ನಡದಲ್ಲಿ ಹೇಳಿದ್ದು ನೆನಪಾಗಿ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದರು. "ಇದನ್ನ ಮಾಡಿದ್ದು ನಾನು. ಹದಿಮೂರು ಕೋಣೆನೂ ನಾನೇ ಮಾಡಿದ್ದು. ನಾನು ಮೂವತ್ತೇಳು ದಾಟಲೇ ಇಲ್ಲ."

ಹೇಳಿದ ಮೇಲೆ ಅವರು ಹಿಂದಕ್ಕೆ ತಿರುಗಿ ಗಂಡನನ್ನು ನೋಡಿದರು. ಚಂದ್ರಕಾಂತರು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಸುಮುಖ್ ಬಾಯಿ ತೆರೆದವನು ಮುಚ್ಚಿರಲಿಲ್ಲ.

ಪ್ರೊಫೆಸರ್ ತಮ್ಮ ಕಾಗದ ತೆಗೆದು ನೋಡಿಕೊಂಡರು. ಇದನ್ನು ಹಳೆಯ ಆಟದ ಮರುರೂಪ ಎಂದು ಒಪ್ಪಲು ಬರುವುದಿಲ್ಲ, ಮೊದಲ ಮೂವತ್ತೇಳು ಕೋಣೆಗಳಲ್ಲಿ ತುಂಬಿರುವುದು ತಪ್ಪು, ಉಳಿದ ಹದಿಮೂರು ಸುಳ್ಳು ಎಂದರು. ಸುಮುಖ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಆದರೆ ಪ್ರಾಜೆಕ್ಟಿನ ಹೆಸರಿನಿಂದ ಮರುರೂಪ ಎಂಬ ಪದ ಹೊಡೆದುಹಾಕಿ, ಈ ಅಮ್ಮನ ಹೆಸರನ್ನು ನಿನ್ನ ಹೆಸರಿನ ಕೆಳಗೆ ಬರೆದರೆ ತೇರ್ಗಡೆ ಮಾಡಲು ತಮ್ಮದೇನೂ ಅಡ್ಡಿಯಿಲ್ಲ ಎಂದರು. ಬೈಂಡ್ ಮಾಡಿಸಿದ ಮೂರು ಪ್ರತಿಗಳ ಮೇಲೂ ಸುಮುಖ್ ಅಲ್ಲೇ ಪೆನ್ನಿನಿಂದ ತಿದ್ದಿದ. ಕಾಯುತ್ತಿದ್ದ ಆರು ಗ್ರಂಥಾಲಯಗಳನ್ನು ಪ್ರೊಫೆಸರ್ ತೆರೆದೂ ನೋಡದೆ ಪಾಸು ಮಾಡಿದರು. ಹೋಗುವಾಗ ಒಂದು ಸಿ.ಡಿ. ಪ್ರತಿಯನ್ನೂ ಜಲಜಾ ಅವರ ಫೋನ್ ನಂಬರನ್ನೂ ಕೇಳಿ ತೆಗೆದುಕೊಂಡರು.

ವಾಪಸ್ ರೈಲಿನಲ್ಲಿ ಚಂದ್ರಕಾಂತರು ಆನಂದ್ ದಾಟುವವರೆಗೆ ಕಿಟಕಿಯಿಂದಾಚೆಯೇ ನೋಡುತ್ತಿದ್ದರು. ಜಲಜಾ ಎರಡು ಸಲ ನೀರು ಕೊಟ್ಟರು, ಅವರು ಕುಡಿದು ವಾಪಸ್ ಕೊಟ್ಟರು. ನಡಿಯಾದ್ ಬಂದಾಗ ಕೇಳಿದರು.

"ಮಂದಾಕಿನಿಯವರು ಎಷ್ಟನೇ ಕೋಣೆಗೆ ನಿಂತರು?"

"ಅವರೂ ಮುಗಿಸಿದ್ರಂತೆ ರೀ. ನಾನು ಹೇಳಿದ ಮರುವಾರನೇ ಹೇಳಿದ್ರು."

ಚಂದ್ರಕಾಂತರು ಅದನ್ನು ಸ್ವಲ್ಪ ಹೊತ್ತು ಲೆಕ್ಕಹಾಕಿದರು. ಆಮೇಲೆ ಅವರ ಭುಜ ಕುಲುಕತೊಡಗಿತು, ನಗು ಮಣಿನಗರದ ತನಕ ನಿಲ್ಲಲಿಲ್ಲ. ಎದುರು ಕೂತಿದ್ದ ಗುಜರಾತಿ ಕುಟುಂಬದವರು ಏನಾಯಿತೆಂದು ಕೇಳಿದಾಗ ಗಂಡಹೆಂಡಿರಿಬ್ಬರಿಗೂ ಹೇಳಲಾಗಲಿಲ್ಲ.

ಸುಮುಖನಿಗೆ ಸೂರತ್‌ನಲ್ಲಿ ಸೀರೆ ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಮು ಬರೆಯುವ ಕೆಲಸ ಸಿಕ್ಕಿತು. ಆಟದ ಸಿ.ಡಿ. ಫತೇಗಂಜ್‌ನ ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಹೋಯಿತು. ಮನೆ ಮಾಲೀಕರ ತಲೆಯನ್ನು ನೂರಾರು ಹುಡುಗರು ತುಳಿದರು, ಅವರಿಗೆ ಮಾತ್ರ ಗೊತ್ತಾಗಲಿಲ್ಲ. ಜಲಜಾ ಈಗ ಹೊಸ ಕೋಣೆಗಳನ್ನು ಹಾಲೇಶನಿಗೆ ಬರೆಸುತ್ತಿದ್ದರು, ಅವನಿಗೆ ತೊಲೆ ಅಂದರೆ ತೊಲೆ ಎಂದೇ ಕೇಳಿಸುತ್ತಿತ್ತು.

ಜೂನ್ ತಿಂಗಳ ಒಂದು ಬೆಳಗ್ಗೆ ಸೂರತ್‌ನಿಂದ ಪ್ರೊಫೆಸರ್ ಜರೀವಾಲಾ ಫೋನ್ ಮಾಡಿದರು. ಐವತ್ತನೆಯ ಕೋಣೆಯಲ್ಲಿ ಒಂಬತ್ತು ದಿನದಿಂದ ಕೂತಿರುವುದಾಗಿ ಹೇಳಿದರು. ಡಬ್ಬವಿಲ್ಲ, ಏಣಿಯಿಲ್ಲ, ಸಿಪ್ಪೆಯೂ ಇಲ್ಲ. ಒಂದು ಮಂಚ, ಅದರ ಪಕ್ಕ ಟೋಪಿರಾಯ. ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ್ದರು, ಎರಡೆರಡು ಗುಂಡಿ ಒಟ್ಟಿಗೆ ಒತ್ತಿ ನೋಡಿದ್ದರು.

ಏನನ್ನೂ ಒತ್ತಬಾರದು ಎಂದು ಜಲಜಾ ವಿವರಿಸಿದರು. ಐದು ನಿಮಿಷ ಕೈಕಟ್ಟಿ ಸುಮ್ಮನಿದ್ದರೆ ಟೋಪಿರಾಯ ಟೋಪಿ ತೆಗೆದಿಟ್ಟು ಮಲಗುತ್ತಾನೆ, ಅಲ್ಲಿಗೆ ಆಟ ಗೆದ್ದಂತೆ. ಪ್ರೊಫೆಸರ್ ರಿಸೀವರನ್ನು ಮೇಜಿನ ಮೇಲಿಟ್ಟು ಪ್ರಯತ್ನಿಸಿದರು. ನಾಲ್ಕು ನಿಮಿಷವಾದ ಮೇಲೆ ಆ ಕಡೆಯಿಂದ ಒಂದು ಗುಂಡಿ ಒತ್ತಿದ ಸದ್ದು ಜಲಜಾ ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಕ್ಷಮಿಸಿ, ಕೈ ಕೇಳಲಿಲ್ಲ ಎಂದರು ಪ್ರೊಫೆಸರ್. ಪರವಾಗಿಲ್ಲ, ಇನ್ನೊಂದು ಸಲ ನೋಡಿ, ನಾನು ಲೈನಿನಲ್ಲೇ ಇರುತ್ತೇನೆ ಎಂದು ಜಲಜಾ ಕುರ್ಚಿ ಎಳೆದುಕೊಂಡು ಕೂತರು.